ಸೀಮಂತಕ್ಕೆ ಗ್ರೇಜಿಂಗ್ ಟೇಬಲ್: ಏನಿಡಬಹುದು, ಎಷ್ಟು ಹೊತ್ತು ಇಡಬಹುದು?

ಪ್ರಶ್ನೆ: ನಮಸ್ಕಾರ ಮೇಡಂ. ಏಪ್ರಿಲ್ ಮೂರನೇ ವಾರ ನನ್ನ ಮಗಳ ಸೀಮಂತ. ಬೆಂಗಳೂರಿನ ನಮ್ಮ ಮನೆಯ ತಾರಸಿ ಮೇಲೆ ಶಾಮಿಯಾನ ಹಾಕಿಸುತ್ತಿದ್ದೇವೆ. 60 ಜನ ಬರುತ್ತಾರೆ. ಬೆಳಿಗ್ಗೆ 10.30ಕ್ಕೆ ಶಾಸ್ತ್ರ, 1.30ಕ್ಕೆ ಎಲೆ ಊಟ. ಊಟ ಕೇಟರಿಂಗ್‌ನವರದ್ದು. ನಡುವಿನ ಹೊತ್ತಿಗೆ ಗ್ರೇಜಿಂಗ್ ಟೇಬಲ್ ಇಡಬೇಕು ಅನ್ನುವುದು ಮಗಳ ಆಸೆ. ಉದ್ದನೆಯ ಮೇಜಿನ ತುಂಬ ಚೀಸ್, ಹಣ್ಣು, ಡಿಪ್, ಬಿಸ್ಕತ್ತು, ನಮ್ಮ ಕುರುಕಲು, ಸಿಹಿ ಎಲ್ಲ ಹರಡಿಟ್ಟು, ಬಂದವರು ಓಡಾಡುತ್ತಾ ಬೇಕಾದ್ದು ತೆಗೆದುಕೊಂಡು ತಿನ್ನುವುದು. ಫೋಟೋದಲ್ಲಿ ನೋಡಿ ನನಗೂ ಇಷ್ಟವಾಗಿದೆ. ಆದರೆ ನಮ್ಮ ಬೀಗಿತ್ತಿಗೆ ಸಮಾಧಾನ ಇಲ್ಲ. "ಎಲ್ಲರೂ ಕೈ ಹಾಕಿ ಎಂಜಲು ಮಾಡಿದ್ದನ್ನ ನಾವು ಹೇಗೆ ತಿನ್ನೋದು, ಬಸುರಿ ಹುಡುಗಿಗೆ ಹೇಗೆ ಕೊಡೋದು" ಅನ್ನುತ್ತಾರೆ. ಹಿಂದಿನ ರಾತ್ರಿಯೇ ಜೋಡಿಸಿ ಕ್ಲಿಂಗ್ ಫಿಲ್ಮ್ (ತೆಳು ಪ್ಲಾಸ್ಟಿಕ್ ಹಾಳೆ) ಸುತ್ತಿಟ್ಟರೆ ಆಗುತ್ತದಾ? ದೊನ್ನೆಗಳಲ್ಲಿ ಚಿತ್ರಾನ್ನವನ್ನೂ ಇಡೋಣ, ಲಿಂಬೆಹುಳಿ ಇರುವುದರಿಂದ ಕೆಡಲ್ಲ ಅಂತಾರೆ, ನಿಜವಾ? ಎಷ್ಟೆಷ್ಟು ತರಬೇಕು? ಇದನ್ನೇ ಮಾಡಿಕೊಡುವವರಿಗೆ ಒಪ್ಪಿಸುವುದಾ, ನಾವೇ ಮಾಡುವುದಾ?

ಉತ್ತರ: ಖಂಡಿತ ಇಡಿ. ಬಸುರಿಯ ಮುಂದೆ ಬಗೆಬಗೆಯ ತಿಂಡಿ ಇಟ್ಟು ಅವಳ ಬಯಕೆ ತೀರಿಸುವುದು ನಮ್ಮಲ್ಲಿ ಹೊಸದೇನಲ್ಲ. ಆದರೆ ಮೇಜು ಎಷ್ಟು ಚಂದ ಕಾಣಬೇಕು ಅನ್ನುವುದಕ್ಕಿಂತ ಮೊದಲು ಎರಡು ವಿಷಯ ತೀರ್ಮಾನ ಆಗಬೇಕು. ಒಂದು, ಯಾವ ತಿಂಡಿ ಎಷ್ಟು ಹೊತ್ತು ಹೊರಗಿರುತ್ತದೆ. ಇನ್ನೊಂದು, ಅದನ್ನು ಯಾರ ಕೈ ಮುಟ್ಟುತ್ತದೆ. ಕೇಟರಿಂಗ್ ಅಡುಗೆಮನೆಗಳಲ್ಲಿ ಆಹಾರದ ಸುರಕ್ಷತೆ ನೋಡಿಕೊಳ್ಳುವುದು ನನ್ನ ಕೆಲಸ. ಊಟ ಮಾಡಿ ಹೊಟ್ಟೆ ಕೆಟ್ಟಿತು ಅನ್ನುವ ದೂರು ಬಂದಾಗ ಅಡುಗೆ ಚೆನ್ನಾಗಿ ಬೆಂದಿಲ್ಲ ಅನ್ನುವುದಕ್ಕಿಂತ, ಬೆಂದ ಮೇಲೆ ಸುಮ್ನೆ ಹೊರಗೆ ಕೂತಿದ್ದು ಜಾಸ್ತಿ ಆಯಿತು ಅನ್ನುವುದೇ ಹೆಚ್ಚಾಗಿ ಕಾರಣವಾಗಿರುತ್ತದೆ.

ಮೊದಲು ನಿಮ್ಮ ಬೀಗಿತ್ತಿಯವರ ಮಾತು. ಅವರನ್ನು ಹಳೇ ಕಾಲದವರು ಅಂತ ಪಕ್ಕಕ್ಕಿಡಬೇಡಿ, ಅವರು ಹೇಳುತ್ತಿರುವುದು ಸರಿಯಾಗೇ ಇದೆ. ಸ್ಟ್ಯಾಫಿಲೋಕಾಕಸ್ ಆರಿಯಸ್ ಅನ್ನುವ ಬ್ಯಾಕ್ಟೀರಿಯಾ ಸುಮಾರು ಮೂರರಲ್ಲಿ ಒಬ್ಬ ಆರೋಗ್ಯವಂತರ ಮೂಗಿನಲ್ಲೇ ಇರುತ್ತದೆ. ಮೂಗು ಮುಟ್ಟಿದ ಕೈ ಪನ್ನೀರ್ ತುಂಡನ್ನು ಮುಟ್ಟಿದರೆ ಅಲ್ಲಿಗೂ ಬಂತು. ಸೆಕೆಯಲ್ಲಿ ಕೆಲವು ಗಂಟೆ ಕೂತರೆ ಅದು ಬೆಳೆದು ವಿಷ ಬಿಡುತ್ತದೆ. ತಿಂದ ಒಂದರಿಂದ ಆರು ಗಂಟೆಯೊಳಗೆ ವಾಂತಿ ಶುರು. ಆ ವಿಷ ಬಿಸಿ ಮಾಡಿದರೂ ಹೋಗುವುದಿಲ್ಲ. ಹಾಗಾಗಿ ಎಂಜಲಿನ ಪ್ರಶ್ನೆಯನ್ನು ಬರೀ ಮಡಿಯ ವಿಷಯ ಅಂದುಕೊಳ್ಳಬೇಡಿ.

ಇದಕ್ಕೆ ದಾರಿ ಸುಲಭ. ಮೇಜಿನ ಹಿಂದೆ ಇಬ್ಬರು ನಿಲ್ಲಲಿ. ಕೈಗೆ ಇಕ್ಕಳ, ಚಮಚ ಕೊಡಿ, ಬಂದವರು ತೋರಿಸಿದ್ದನ್ನು ಅವರೇ ತಟ್ಟೆಗೆ ಹಾಕಿಕೊಡಲಿ. ನೋಡುವುದಕ್ಕೆ ಗ್ರೇಜಿಂಗ್ ಟೇಬಲ್, ನಡೆಯುವುದು ನಮ್ಮ ಬಡಿಸುವ ಪದ್ಧತಿ. ಡಿಪ್ ಅನ್ನು ದೊಡ್ಡ ಬಟ್ಟಲಲ್ಲಿ ಇಡಲೇಬೇಡಿ. ಒಬ್ಬರು ಕಚ್ಚಿದ ಬಿಸ್ಕತ್ತನ್ನೇ ಮತ್ತೆ ಅದ್ದುತ್ತಾರೆ, ಮಕ್ಕಳಂತೂ ಅದ್ದೇ ಅದ್ದುತ್ತಾರೆ. ಪುಟ್ಟ ಕಪ್ಪಿನ ತಳಕ್ಕೆ ಎರಡು ಚಮಚ ಡಿಪ್ ಹಾಕಿ, ಅದರಲ್ಲೇ ಎರಡು ಕ್ಯಾರೆಟ್ ಕಡ್ಡಿ, ಒಂದು ಸೌತೆಕಾಯಿ ಕಡ್ಡಿ ನಿಲ್ಲಿಸಿ. ಒಬ್ಬರಿಗೆ ಒಂದು ಕಪ್. ಮತ್ತೆ, ಮೇಜು ಶುರುವಾಗುವ ಮೊದಲೇ ಹಿರಿಯರಿಗೆ ಅಂತ ಒಂದು ತಟ್ಟೆ, ಮಗಳಿಗೆ ಅಂತ ಒಂದು ತಟ್ಟೆ ತೆಗೆದು ಮುಚ್ಚಿಡಿ. ಬೀಗರಿಗೆ ಅದನ್ನು ಮೊದಲೇ ಹೇಳಿ. ಅರ್ಧ ಬೇಸರ ಅಲ್ಲೇ ಹೋಗುತ್ತದೆ.

ಇನ್ನು ಹೊತ್ತಿನ ಲೆಕ್ಕ. 5 ಡಿಗ್ರಿಯಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಬ್ಯಾಕ್ಟೀರಿಯಾ ಬೆಳೆಯುತ್ತವೆ. ಹದವಾದ ಬಿಸಿ, ತೇವ, ತಿನ್ನಲು ಪ್ರೋಟೀನ್ ಇದ್ದರೆ 20 ನಿಮಿಷಕ್ಕೊಮ್ಮೆ ದುಪ್ಪಟ್ಟಾಗಬಲ್ಲವು. ಅದಕ್ಕೇ ಬೇಗ ಕೆಡುವ ಪದಾರ್ಥ ಹೊರಗೆ ಎರಡು ಗಂಟೆಗಿಂತ ಹೆಚ್ಚು ಇರಬಾರದು, 32 ಡಿಗ್ರಿ ಮೀರಿದ ಸೆಕೆಯಲ್ಲಿ ಒಂದೇ ಗಂಟೆ ಅನ್ನುವುದು ಈ ಕೆಲಸದಲ್ಲಿ ಎಲ್ಲರೂ ಪಾಲಿಸುವ ನಿಯಮ. ಏಪ್ರಿಲ್‌ನ ಬೆಂಗಳೂರಲ್ಲಿ ಮಧ್ಯಾಹ್ನ 33, 34 ಡಿಗ್ರಿ ಮಾಮೂಲು. ತಾರಸಿಯ ಕಾಂಕ್ರೀಟು ಕಾದಿರುತ್ತದೆ, ಶಾಮಿಯಾನದ ಒಳಗೆ ಗಾಳಿ ಆಡುವುದಿಲ್ಲ. ಅಂದರೆ ನಿಮಗೆ ಸಿಗುವುದು ಒಂದೇ ಗಂಟೆ ಅಂತ ಇಟ್ಟುಕೊಳ್ಳಿ. ಸಾಧ್ಯವಾದರೆ ಮೇಜನ್ನು ತಾರಸಿಯಿಂದ ಕೆಳಗಿಳಿಸಿ ಹಾಲ್‌ನಲ್ಲಿ ಇಡಿ. ಎಸಿ ಇದ್ದರೆ ಆಯಿತು ಅಂದುಕೊಳ್ಳಬೇಡಿ, 24 ಡಿಗ್ರಿ ನಮಗೆ ತಂಪು, ಬ್ಯಾಕ್ಟೀರಿಯಾಕ್ಕೆ ಅಲ್ಲ. ಆದರೂ 34ಕ್ಕಿಂತ 24 ಎಷ್ಟೋ ವಾಸಿ.

ಹಿಂದಿನ ರಾತ್ರಿಯೇ ಜೋಡಿಸುವುದು ಬೇಡವೇ ಬೇಡ. ಕ್ಲಿಂಗ್ ಫಿಲ್ಮ್ ನೊಣ, ಧೂಳು ತಡೆಯುತ್ತದೆ ಅಷ್ಟೇ. ಮೇಲಾಗಿ ಅದು ಒಳಗಿನ ತೇವವನ್ನು ಅಲ್ಲೇ ಹಿಡಿದಿಡುತ್ತದೆ. ಕತ್ತರಿಸಿದ ಹಣ್ಣಿನ ಪಕ್ಕ ಚಕ್ಕುಲಿ ಇಟ್ಟು ರಾತ್ರಿಯೆಲ್ಲ ಸುತ್ತಿಟ್ಟರೆ ಬೆಳಿಗ್ಗೆಗೆ ಹಣ್ಣು ಬಾಡಿರುತ್ತದೆ, ಚಕ್ಕುಲಿ ಮೆತ್ತಗಾಗಿ ಹಲ್ಲಿಗೆ ಅಂಟುತ್ತದೆ. ಎರಡೂ ಹೋಯಿತು.

ಲಿಂಬೆಹುಳಿಯ ಮಾತು ಅರ್ಧ ನಿಜ. ಹುಳಿ ಜಾಸ್ತಿ ಇದ್ದಲ್ಲಿ ಬ್ಯಾಕ್ಟೀರಿಯಾ ಬೆಳೆಯುವುದು ಕಷ್ಟ, ಉಪ್ಪಿನಕಾಯಿ, ಪುಳಿಯೋಗರೆ ಗೊಜ್ಜು ಉಳಿಯುವುದಕ್ಕೆ ಅದೂ ಒಂದು ಕಾರಣ. ಆದರೆ ಚಿತ್ರಾನ್ನಕ್ಕೆ ನಾವು ಹಿಂಡುವ ಲಿಂಬೆ ಬಾಯಿರುಚಿಗೆ ಎಷ್ಟು ಬೇಕೋ ಅಷ್ಟು, ಅನ್ನವನ್ನು ಕಾಪಾಡುವಷ್ಟಲ್ಲ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಅನ್ನುವ ಬ್ಯಾಕ್ಟೀರಿಯಾದ ಬೀಜಾಣು ಇರುತ್ತವೆ. ಅನ್ನ ಕುದಿದರೂ ಅವು ಸಾಯುವುದಿಲ್ಲ. ಅನ್ನ ಆರಿ ಉಗುರುಬೆಚ್ಚಗೆ ಕೂತಾಗ ಮೊಳೆತು ವಿಷ ಬಿಡುತ್ತವೆ, ಆ ವಿಷವೂ ಮತ್ತೆ ಬಿಸಿ ಮಾಡಿದರೆ ಹೋಗುವಂಥದ್ದಲ್ಲ. ಅನ್ನ ಮೂಸಿ ನೋಡಿದರೆ ಏನೂ ಗೊತ್ತಾಗುವುದಿಲ್ಲ, ಯಾಕೆಂದರೆ ಹಳಸಲು ವಾಸನೆ ತರುವ ಜೀವಿಗಳು ಬೇರೆ, ಹೊಟ್ಟೆ ಕೆಡಿಸುವವು ಬೇರೆ. "ವಾಸನೆ ಬಂದಿಲ್ಲ, ತಿನ್ನಬಹುದು" ಅನ್ನುವ ಮಾತನ್ನು ನಾನು ಎಲ್ಲ ಅಡುಗೆಮನೆಗಳಲ್ಲೂ ಕೇಳಿದ್ದೇನೆ, ಅದನ್ನು ನಂಬಬೇಡಿ. ಚಿತ್ರಾನ್ನ ಹೇಗೂ ಊಟದ ಎಲೆಗೆ ಬಿಸಿಯಾಗಿ ಬರುತ್ತದೆ. ಮೇಜಿನ ಮೇಲೆ ಬೇಡ.

ಹಾಗಾದರೆ ಏನಿಡಬೇಕು? ಸಂತೋಷದ ವಿಷಯ ಅಂದರೆ ಚೀಸು, ತಣ್ಣನೆ ಡಿಪ್ಪುಗಳಿಗಿಂತ ನಮ್ಮ ಕುರುಕಲು ತಿಂಡಿಗಳೇ ಇದಕ್ಕೆ ಚೆನ್ನಾಗಿ ಒಗ್ಗುತ್ತವೆ. ಚಕ್ಕುಲಿ, ಕೋಡುಬಳೆ, ನಿಪ್ಪಟ್ಟು, ಬೆಣ್ಣೆ ಮುರುಕು, ಬಾಳೆಕಾಯಿ ಚಿಪ್ಸ್, ಹಲಸಿನ ಚಿಪ್ಸ್. ಎಣ್ಣೆಯಲ್ಲಿ ಕರಿದಾಗ ನೀರಿನಂಶ ಹೋಗಿಬಿಡುತ್ತದೆ, ನೀರಿಲ್ಲದ ಕಡೆ ಬ್ಯಾಕ್ಟೀರಿಯಾ ಬೆಳೆಯಲು ಆಗುವುದಿಲ್ಲ. ಇಡೀ ದಿನ ಹೊರಗಿದ್ದರೂ ತೊಂದರೆ ಇಲ್ಲ. ಸಿಹಿಯಲ್ಲೂ ಹಾಗೇ. ಮೈಸೂರು ಪಾಕ್, ಕಜ್ಜಾಯ, ಗೋಕಾಕದ ಕರದಂಟು, ಧಾರವಾಡ ಪೇಡ ಇವೆಲ್ಲ ಗಟ್ಟಿ ಆಸಾಮಿಗಳು, ಸಕ್ಕರೆ ಬೆಲ್ಲ ನೀರನ್ನು ಹಿಡಿದಿಟ್ಟಿರುತ್ತದೆ, ಖೋವಾ ಚೆನ್ನಾಗಿ ಹುರಿದಿರುತ್ತಾರೆ. ರಸಮಲಾಯಿ, ಕಲಾಕಂದ್, ಕ್ರೀಮ್ ಹಾಕಿದ ಪೇಸ್ಟ್ರಿ ಹಾಗಲ್ಲ. ಕಾಯಿ ಒಬ್ಬಟ್ಟು ಇಡುವುದಾದರೆ ಅವತ್ತು ಬೆಳಿಗ್ಗೆ ಮಾಡಿದ್ದೇ ಆಗಬೇಕು. ತೆಂಗಿನತುರಿ ಸೆಕೆಯಲ್ಲಿ ಬಹಳ ಬೇಗ ಕೆಡುತ್ತದೆ, ಅದಕ್ಕೇ ಕಾಯಿಚಟ್ನಿಯೂ ಈ ಮೇಜಿಗೆ ಬೇಡ. ಚಟ್ನಿಪುಡಿ ಇಡಿ, ಪುಟ್ಟ ಬಟ್ಟಲಲ್ಲಿ ತುಪ್ಪದ ಜತೆ.

ಕೋಸಂಬರಿ ಇಡಲೇಬೇಕು ಅಂತ ಆಸೆ ಇದ್ದರೆ ಬೇಳೆ ನೆನೆಸಿ ಬಸಿದು, ಸೌತೆಕಾಯಿ ಹೆಚ್ಚಿ, ಬೇರೆ ಬೇರೆ ಡಬ್ಬಿಯಲ್ಲಿ ಫ್ರಿಜ್‌ನಲ್ಲಿಡಿ. ಉಪ್ಪು, ಲಿಂಬೆ, ಕಾಯಿತುರಿ ಹಾಕುವುದು ಬಡಿಸುವ ಹತ್ತು ನಿಮಿಷ ಮೊದಲು. ಉಪ್ಪು ಬಿದ್ದ ಕೂಡಲೇ ಸೌತೆಕಾಯಿ ನೀರು ಬಿಡುತ್ತದೆ, ಅರ್ಧ ಗಂಟೆಯಲ್ಲಿ ದೊನ್ನೆಯ ತಳದಲ್ಲಿ ನೀರು ನಿಂತು ಸೀರೆ ಮೇಲೆ ಸೋರುತ್ತದೆ. ಮೊಳಕೆಕಾಳಿನ ಹಸಿ ಸಲಾಡ್ ಮಾತ್ರ ಬೇಡ. ಕಾಳು ಮೊಳೆಯುವ ಬೆಚ್ಚನೆ ತೇವದಲ್ಲೇ ಬ್ಯಾಕ್ಟೀರಿಯಾ ಕೂಡ ಬೆಳೆಯುತ್ತವೆ, ಬಸುರಿಯರು ಹಸಿ ಮೊಳಕೆಕಾಳು ತಿನ್ನದಿರುವುದೇ ಒಳ್ಳೆಯದು.

ಹಣ್ಣಿನ ವಿಷಯದಲ್ಲಿ ಜನ ಹೆದರುವುದು ಒಂದಕ್ಕೆ, ಹೆದರಬೇಕಾದದ್ದು ಇನ್ನೊಂದಕ್ಕೆ. ಸೇಬು ಕತ್ತರಿಸಿಟ್ಟರೆ ಕಂದು ಬಣ್ಣಕ್ಕೆ ತಿರುಗುತ್ತದೆ, ಅಯ್ಯೋ ಕೆಟ್ಟಿತು ಅಂತ ಎಸೆಯುತ್ತಾರೆ. ಅದು ಗಾಳಿ ತಾಗಿ ಆಗುವ ಬಣ್ಣ, ಅಪಾಯ ಇಲ್ಲ, ಲಿಂಬೆರಸ ಬೆರೆಸಿದ ನೀರಲ್ಲಿ ಅದ್ದಿ ತೆಗೆದರೆ ಬೇಗ ಕಂದಾಗುವುದೂ ಇಲ್ಲ. ಕಲ್ಲಂಗಡಿ, ಕರಬೂಜ ಮಾತ್ರ ಮೂರು ಗಂಟೆ ಕೂತರೂ ಕೆಂಪಗೆ ಚೆಂದವಾಗಿಯೇ ಕಾಣುತ್ತವೆ. ಆದರೆ ಅವುಗಳಲ್ಲಿ ಹುಳಿ ಬಹಳ ಕಡಿಮೆ, ನೀರು ಬೇಕಾದಷ್ಟಿದೆ. ಹೊಲದ ಮಣ್ಣಿನಲ್ಲಿ ಬಿದ್ದಿದ್ದ ಸಿಪ್ಪೆಯ ಮೇಲಿನ ಕೊಳೆಯನ್ನು ಚಾಕುವೇ ಒಳಗೆ ಒಯ್ಯುತ್ತದೆ. ಹಾಗಾಗಿ ಕಲ್ಲಂಗಡಿಯನ್ನು ಕತ್ತರಿಸುವ ಮೊದಲು ನಲ್ಲಿ ಕೆಳಗೆ ಬ್ರಷ್ ಹಾಕಿ ಉಜ್ಜಿ ತೊಳೆದು ಒರೆಸಿ. ಚಾಕು, ಮಣೆ ಈರುಳ್ಳಿ ಹೆಚ್ಚಿದ್ದೇ ಆಗದಿರಲಿ. ಕತ್ತರಿಸಿದ್ದು ನೇರ ಫ್ರಿಜ್‌ಗೆ. ಮೇಜಿಗೆ ಬಂದದ್ದು ಒಂದು ಗಂಟೆಯಲ್ಲಿ ಖಾಲಿ ಆಗಬೇಕು, ಉಳಿದರೆ ಎಸೆಯಬೇಕು. ಅಡಿಯಲ್ಲಿ ಐಸ್ ತುಂಬಿದ ಅಗಲ ತಟ್ಟೆ, ಅದರ ಮೇಲೆ ಸ್ಟೀಲ್ ಬೋಗುಣಿ ಇಟ್ಟರೆ ಇನ್ನೂ ಒಳ್ಳೆಯದು. ಐಸ್ ಹಣ್ಣಿಗೆ ತಾಗುವುದು ಬೇಡ.

ನನ್ನನ್ನು ಕೇಳಿದರೆ ಏಪ್ರಿಲ್‌ನ ಸೀಮಂತಕ್ಕೆ ಮಾವಿನಕಾಯಿಗಿಂತ ಒಳ್ಳೆಯ ಹಣ್ಣಿಲ್ಲ. ತೋತಾಪುರಿಯನ್ನು ಸಿಪ್ಪೆ ಸಮೇತ ಉದ್ದುದ್ದ ಸೀಳಿ, ಪಕ್ಕದಲ್ಲಿ ಉಪ್ಪು ಖಾರದಪುಡಿ ಇಟ್ಟು ನೋಡಿ. ಹುಳಿ ಇರುವುದರಿಂದ ಕಲ್ಲಂಗಡಿಗಿಂತ ಚೆನ್ನಾಗಿ ತಡೆಯುತ್ತದೆ, ಬಸುರಿಗೂ ಬೇಕಾದ್ದು ಅದೇ, ಗೆಳತಿಯರೂ ಮೊದಲು ಅಲ್ಲಿಗೇ ಬರುತ್ತಾರೆ. ದ್ರಾಕ್ಷಿ ಇಟ್ಟರೆ ಉದ್ದಕ್ಕೆ ಸೀಳಿಡಿ, ಸಣ್ಣ ಮಕ್ಕಳಿಗೆ ಇಡೀ ದ್ರಾಕ್ಷಿ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಗೋಡಂಬಿ, ಬಾದಾಮಿ, ಕಡಲೆಬೀಜ ಐದು ವರ್ಷದೊಳಗಿನ ಮಕ್ಕಳ ಕೈಗೆ ಎಟುಕದ ಕಡೆ ಇರಲಿ. ಕಡಲೆಬೀಜ, ಗೋಡಂಬಿ ಇರುವ ತಿಂಡಿಗಳ ಮುಂದೆ ಒಂದು ಚೀಟಿ ಬರೆದಿಡಿ, ಅಲರ್ಜಿ ಇರುವವರು ಯಾರು ಅಂತ ನಮಗೆ ಗೊತ್ತಿರುವುದಿಲ್ಲ ಅಲ್ವಾ.

ಪರಂಗಿ, ಅನಾನಸ್ ಬಗ್ಗೆ ಯಾರಾದರೂ ಕೇಳೇ ಕೇಳುತ್ತಾರೆ. ಚೆನ್ನಾಗಿ ಮಾಗಿದ ಪರಂಗಿ ಹಣ್ಣು, ಒಂದೆರಡು ಹೋಳು ಅನಾನಸ್ ತಿಂದರೆ ಗರ್ಭಕ್ಕೆ ಅಪಾಯ ಅನ್ನುವುದಕ್ಕೆ ಆಧಾರ ಇಲ್ಲ. ಬೇಡದ್ದು ಪರಂಗಿ ಕಾಯಿ, ಅರೆಬರೆ ಹಣ್ಣಾದದ್ದು, ಅದರಲ್ಲಿ ಹಾಲಿನಂಥ ಸೊನೆ ಇರುತ್ತದೆ. ಇಷ್ಟಾದರೂ ಸೀಮಂತದ ಮೇಜಿನ ಮೇಲೆ ಪರಂಗಿ ಇಡಬೇಡಿ ಅನ್ನುತ್ತೇನೆ. ಅವತ್ತು ಆ ಚರ್ಚೆ ಯಾರಿಗೂ ಬೇಕಿಲ್ಲ.

ಚೀಸ್ ಮಾತ್ರ ಸ್ವಲ್ಪ ಹುಷಾರಾಗಿ ಆರಿಸಬೇಕು. ಲಿಸ್ಟೀರಿಯಾ ಅನ್ನುವ ಬ್ಯಾಕ್ಟೀರಿಯಾ ಫ್ರಿಜ್‌ನ ತಂಪಿನಲ್ಲೂ ಬೆಳೆಯುತ್ತದೆ. ಉಳಿದವರಿಗಿಂತ ಬಸುರಿಯರಿಗೆ ಅದು ತಗಲುವ ಸಾಧ್ಯತೆ ಸುಮಾರು 10 ಪಟ್ಟು ಹೆಚ್ಚು. ತಾಯಿಗೆ ಬರೀ ಜ್ವರ, ಮೈಕೈನೋವು ಅನಿಸಬಹುದು, ಮಗುವಿಗೆ ಮಾತ್ರ ಪ್ರಾಣಕ್ಕೇ ಕುತ್ತಾಗಬಹುದು. ಇದು ಸಿಗುವುದು ಹೆಚ್ಚಾಗಿ ಮೆತ್ತನೆ ಚೀಸ್‌ಗಳಲ್ಲಿ. ಬ್ರೀ, ಕ್ಯಾಮೆಂಬರ್, ನೀಲಿ ಗೆರೆಯ ಬ್ಲೂ ಚೀಸ್, ಅದರಲ್ಲೂ ಹಸಿ ಹಾಲಿನಿಂದ ಮಾಡಿದ್ದು. ಇವನ್ನು ತರಲೇಬೇಡಿ. "ಮಗಳು ತಿನ್ನದಿದ್ದರೆ ಆಯಿತು" ಅಂತ ಇಟ್ಟರೆ ಅವಳ ಮೇಜಿನ ಮೇಲೆ ಅವಳೇ ಕೇಳಿ ಕೇಳಿ ತಿನ್ನಬೇಕಾಗುತ್ತದೆ, ಅದು ಚೆನ್ನಾಗಿರುವುದಿಲ್ಲ. ಪಾಶ್ಚರೀಕರಿಸಿದ, ಅಂದರೆ ಕಾಯಿಸಿ ಬ್ಯಾಕ್ಟೀರಿಯಾ ಕೊಂದ ಹಾಲಿನ ಗಟ್ಟಿ ಚೆಡ್ಡರ್, ಗೌಡಾ, ಕ್ಯೂಬ್‌ಗಳಲ್ಲಿ ಸಿಗುವ ಸಂಸ್ಕರಿಸಿದ ಚೀಸ್ ಸಾಕು. ಪನ್ನೀರ್ ಇಡುವುದಾದರೆ ತವಾದಲ್ಲಿ ಬಿಸಿಯಾಗಿ ಹುರಿದು ಆಗಿಂದಾಗ್ಗೆ ತನ್ನಿ.

ಸಸ್ಯಾಹಾರಿ ಮನೆಯವರು ಗಮನಿಸಬೇಕಾದ್ದು ಇನ್ನೊಂದಿದೆ. ಹೊರದೇಶದ ಕೆಲವು ಚೀಸ್‌ಗಳಿಗೆ ಹಾಲು ಒಡೆಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುತ್ತಾರೆ, ಅಸಲಿ ಪಾರ್ಮೆಸಾನ್ ಮಾಡುವುದೇ ಹಾಗೆ. ಮಕ್ಕಳಿಗೆ ಅಂತ ಇಡುವ ಮಾರ್ಷ್‌ಮೆಲೊ, ಗಮ್ಮಿಗಳಲ್ಲಿ ಪ್ರಾಣಿಗಳ ಮೂಳೆ, ಚರ್ಮದಿಂದ ತೆಗೆದ ಜೆಲಟಿನ್ ಇರಬಹುದು. ಪ್ಯಾಕೆಟ್ ಮೇಲೆ ಹಸಿರು ಚೌಕದೊಳಗೆ ಹಸಿರು ಚುಕ್ಕಿ ಇದೆಯಾ ನೋಡಿ, ಕಂದು ತ್ರಿಕೋನ ಇದ್ದರೆ ಅದು ಮಾಂಸಾಹಾರ. ಬಿಡಿಯಾಗಿ ಕತ್ತರಿಸಿ ತಂದಿಡುವವರಾದರೆ ಪ್ಯಾಕೆಟ್ ತೋರಿಸಿ ಅಂತ ಕೇಳುವುದಕ್ಕೆ ಸಂಕೋಚ ಬೇಡ.

ಪ್ರಮಾಣ ಎಷ್ಟು ಅಂತ ಕೇಳಿದ್ದೀರಿ. ಹಿಂದೆಯೇ ಎಲೆ ಊಟ ಇದೆ, ಹಾಗಾಗಿ ತಲೆಗೆ 150 ಗ್ರಾಂ ಸಾಕು, 60 ಜನಕ್ಕೆ 9 ಕೆಜಿ. ಅದರಲ್ಲಿ ಕತ್ತರಿಸಿದ ಹಣ್ಣು 4 ಕೆಜಿ, ಕುರುಕಲು 2 ಕೆಜಿ, ಸಿಹಿ ಒಂದೂವರೆ ಕೆಜಿ, ಚೀಸ್ 700 ಗ್ರಾಂ, ಒಣಹಣ್ಣು ಬೀಜ ಎಲ್ಲ ಸೇರಿ 800 ಗ್ರಾಂ. ಡಿಪ್ ಕಪ್ಪುಗಳು ಬೇರೆ, ಅವು 40 ಇದ್ದರೆ ಸಾಕು, ಎಲ್ಲರೂ ತೆಗೆದುಕೊಳ್ಳುವುದಿಲ್ಲ. 4 ಕೆಜಿ ಹಣ್ಣು ಅಂದರೆ ತಿನ್ನುವ ಭಾಗದ ಲೆಕ್ಕ, ಅನಾನಸ್‌ನಲ್ಲಿ ಹೆಚ್ಚುಕಮ್ಮಿ ಅರ್ಧ ಸಿಪ್ಪೆ, ನಡುವಿನ ದಿಂಡಿನಲ್ಲೇ ಹೋಗುತ್ತದೆ. ಆರಡಿ ಉದ್ದದ ಒಂದು ಮೇಜು ಧಾರಾಳವಾಯಿತು. ಫೋಟೋದಲ್ಲಿ ತುಂಬಿ ತುಳುಕಬೇಕು ಅಂತ ಎರಡು ಪಟ್ಟು ತರಬೇಡಿ. ಮೇಜು ತುಂಬಿ ಕಾಣಲು ಬಾಳೆಎಲೆ ಹಾಸಿ, ಇಡೀ ಹಣ್ಣುಗಳನ್ನು, ಬಾಳೆಗೊನೆ, ಎಳನೀರು, ಮಾವಿನಕಾಯಿ ಗೊಂಚಲನ್ನು ನಡುನಡುವೆ ಇಡಿ. ಕತ್ತರಿಸದ ಹಣ್ಣು ಎಷ್ಟು ಹೊತ್ತು ಕೂತರೂ ಚಿಂತೆ ಇಲ್ಲ, ಮಾರನೇ ದಿನ ಮನೆಗಾಗುತ್ತದೆ. ಮಾರ್ಕೆಟ್ಟಿನ ಸೇವಂತಿಗೆ, ಚೆಂಡುಹೂವಿಗೆ ಔಷಧಿ ಹೊಡೆದಿರುತ್ತಾರೆ, ತಿಂಡಿಗೆ ತಾಗಿಸಬೇಡಿ. ಕಣಗಿಲೆ ಹೂವಂತೂ ವಿಷ, ಮೇಜಿನ ಹತ್ತಿರವೂ ತರಬೇಡಿ.

ಯಾರು ಮಾಡಬೇಕು ಅನ್ನುವುದಕ್ಕೆ ಮೂರು ದಾರಿ ಇದೆ. ಇದನ್ನೇ ಕಸುಬು ಮಾಡಿಕೊಂಡವರಿಗೆ ಕೊಟ್ಟರೆ ಕಣ್ಣಿಗೆ ಚೆಂದ, ನಿಮಗೆ ಆರಾಮು. ತೊಂದರೆ ಏನೆಂದರೆ ಎಷ್ಟೋ ಜನ ಬೆಳಿಗ್ಗೆ ಎಂಟಕ್ಕೇ ಜೋಡಿಸಿ, ಫೋಟೋ ತೆಗೆದುಕೊಂಡು ಹೊರಟುಬಿಡುತ್ತಾರೆ. ನಿಮ್ಮ ಜನ ತಿನ್ನುವುದು ಹನ್ನೊಂದೂವರೆಗೆ. ಹಣ್ಣು ಎಲ್ಲಿ ಕತ್ತರಿಸುತ್ತೀರಿ, ತಂಪು ಪೆಟ್ಟಿಗೆಯಲ್ಲಿ ತರುತ್ತೀರಾ, ಕೊನೆಯವರೆಗೂ ಒಬ್ಬರು ನಿಲ್ಲುತ್ತಾರಾ, ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಕೊಟ್ಟ 14 ಅಂಕಿಯ ನಂಬರ್ ಏನು ಅಂತ ಕೇಳಿ. ತಡವರಿಸಿದರೆ ಬಿಡಿ. ಎರಡನೆಯದು, ಎಲ್ಲ ನೀವೇ ಮಾಡುವುದು. ಖರ್ಚು ಕಡಿಮೆ. ಆದರೆ ಮಗಳಿಗೆ ಬಳೆ ತೊಡಿಸುವ ಹೊತ್ತಿಗೆ ನೀವು ಕಲ್ಲಂಗಡಿ ಹೆಚ್ಚುತ್ತಾ ಅಡುಗೆಮನೆಯಲ್ಲಿರುತ್ತೀರಿ. ತಾಯಿ ಅಲ್ಲಿರಬಾರದು. ಮನೆಯ ಫ್ರಿಜ್‌ನಲ್ಲಿ ಅಷ್ಟು ಡಬ್ಬಿ ತುರುಕಿದರೆ ಗಾಳಿ ಆಡದೆ ಒಳಗಿನದ್ದು ಗಂಟೆಗಟ್ಟಲೆ ತಂಪಾಗುವುದೂ ಇಲ್ಲ.

ನಾನು ಹೇಳುವುದು ಮೂರನೆಯದು. ಕುರುಕಲು, ಸಿಹಿ ಎಲ್ಲ ನಿಮಗೆ ಗೊತ್ತಿರುವ ಕಾಂಡಿಮೆಂಟ್ಸ್ ಅಂಗಡಿಯಿಂದ ಎರಡು ದಿನ ಮೊದಲೇ ತಂದು ಡಬ್ಬಿಯಲ್ಲಿಡಿ. ಎಲೆ, ತಟ್ಟೆ, ಚೀಟಿಗಳ ಅಲಂಕಾರ ಹಿಂದಿನ ರಾತ್ರಿ ಮಗಳ ಗೆಳತಿಯರು ಮಾಡಲಿ. ಹಣ್ಣು ಹೆಚ್ಚುವುದು, ಡಿಪ್ ಕಪ್ಪು ತುಂಬುವುದು, ಮೇಜಿನ ಹಿಂದೆ ನಿಲ್ಲುವುದು ಊಟದ ಕೇಟರಿಂಗ್‌ನವರ ಕೆಲಸ. ಅವರ ಹುಡುಗರಿಗೆ ಬಡಿಸಿ ಅಭ್ಯಾಸ ಇರುತ್ತದೆ, ಹೇಗೂ ಅವತ್ತು ಅಲ್ಲೇ ಇರುತ್ತಾರೆ. 11.30ಕ್ಕೆ ಮೇಜು ತೆರೆಯಲಿ, 12.45ಕ್ಕೆ ಮುಚ್ಚಲಿ, ಇಲ್ಲದಿದ್ದರೆ ಎಲೆ ಮುಂದೆ ಕೂತವರಿಗೆ ಹಸಿವೇ ಇರುವುದಿಲ್ಲ. ಹಣ್ಣು, ಚೀಸ್, ಡಿಪ್ ಒಂದೇ ಸಲ ಹೊರಗೆ ಬರಬಾರದು. ಮೂರು ಪಾಲು ಮಾಡಿ, ಒಂದು ಖಾಲಿಯಾಗುತ್ತಾ ಬಂದಾಗ ಇನ್ನೊಂದು. ಹೊಸದನ್ನು ಹಳೆಯದರ ಮೇಲೆ ಸುರಿಯಬೇಡಿ, ತಟ್ಟೆಯನ್ನೇ ಬದಲಿಸಿ.

ಮುಚ್ಚಿದ ಮೇಲೆ ಉಳಿದ ಹಣ್ಣು, ಡಿಪ್, ಚೀಸ್ ಎಸೆಯಿರಿ, ಮನೆಕೆಲಸದವರಿಗೆ ಅಂತ ಕಟ್ಟಿಕೊಡಬೇಡಿ. ನಮ್ಮ ಹೊಟ್ಟೆಗೆ ಆಗದ್ದು ಅವರ ಹೊಟ್ಟೆಗೂ ಆಗುವುದಿಲ್ಲ. ಚಕ್ಕುಲಿ, ಕೋಡುಬಳೆ ಉಳಿದರೆ ಡಬ್ಬಿಗೆ ತುಂಬಿ, ವಾರ ಪೂರ್ತಿ ತಿನ್ನಬಹುದು.

ಕೇಟರಿಂಗ್‌ನವರಿಗೆ ಈ ವಾರವೇ ಫೋನ್ ಮಾಡಿ. ಇಬ್ಬರು ಹುಡುಗರು ಒಂಬತ್ತಕ್ಕೇ ಬೇಕು, ಎರಡು ಐಸ್ ಬಾಕ್ಸ್ ತರಬೇಕು, ಹಣ್ಣಿಗೆ ಬೇರೆ ಚಾಕು ಬೇರೆ ಮಣೆ ಅಂತ ಈಗಲೇ ಹೇಳಿ ಒಪ್ಪಿಸಿಕೊಳ್ಳಿ. ಏಪ್ರಿಲ್‌ನಲ್ಲಿ ಮುಹೂರ್ತಗಳು ಜಾಸ್ತಿ, ಆಮೇಲೆ ಕೇಳಿದರೆ ಹುಡುಗರು ಸಿಗುವುದಿಲ್ಲ.